ನಡಾವಳಿ

ತಿಂಗಳಿಗೊಮ್ಮೆ ಕೂಡತಾರ. ಈ ಸಲ ಧಾರವಾಡದ ಪಾಳಿ.
ಮಹಾಪೌರರ ಎಡಕ್ಕ, ಒಂದು ಮೆಟ್ಟಲ ಕೆಳಗ
ನನ್ನ ಮೇಜು: ಎರಡು ಪೆನ್ನು, ಒಂದು ನೋಟಬುಕ್ಕು,
ಇಪ್ಪತ್ತೆರಡು ವರ್ಷದಿಂದ ಬಗ್ಗಿದ ಕುತಗಿ.

ಪ್ರಶ್ನಿ ಹದಿನಾಲ್ಕು.
ಎದ್ದು ನಿಂತಾಕಿ ಮಾಲನಬಿ ಸೌದಾಗರ,
ವಿರೋಧ ಪಕ್ಷ, ಹಿಂದಿನ ಸಾಲು, ಫ್ಯಾನಿಲ್ಲದ ಮೂಲಿ.
ಮೈಕಿನ ಕೆಂಪು ದೀಪ ಹತ್ತಲಿಲ್ಲ.
ಹತ್ತದಿದ್ದರೂ ನಡೀತಿತ್ತು,
ದುರ್ಗದ ಬೈಲಿನ್ಯಾಗ ಬಳಿ ಮಾರಿ ಹುರಿಗೊಂಡ ದನಿ ಅದು.

"ಮುನ್ನೂರಾ ಹನ್ನೆರಡು ಮನಿ ಕಟ್ಟೀರಿ.
ಬಣ್ಣ ಬಳದೀರಿ. ಬಾಗಲಕ್ಕ ಕೀಲಿ ಜಡದೀರಿ.
ಮೂರು ಮಳಿಗಾಲ ಆತು, ಒಳಗ ಪಾರಿವಾಳ ಅದಾವು,
ಅವಕ್ಕ ಯಾವ ಕಾಗದ ಕೇಳಿದ್ರಿ?
ಕೀಲಿಕೈ ಯಾರ ಕಡೆ ಐತಿ?"

ನಾ ಬರದೆ:
ಮಾನ್ಯ ಸದಸ್ಯೆಯು ವಸತಿ ಹಂಚಿಕೆಯಲ್ಲಿನ ವಿಳಂಬದ ಕುರಿತು
ಸಭೆಯ ಗಮನ ಸೆಳೆದರು.

ಪಾರಿವಾಳ ನಡಾವಳ್ಯಾಗ ಕೂಡೂದಿಲ್ಲ.

ಆಡಳಿತ ಪಕ್ಷದ ನಾಯಕರು ಎದ್ದರು. ಅವರ ಕೈಯಾಗ ನೀತಿ ಇತ್ತು,
ಸ್ಪೈರಲ್ ಹಾಕಿದ್ದು, ನೀಲಿ ರಟ್ಟಿಂದು.
ಓದಿದರು, ನೀರು ಕುಡದು ಮತ್ತ ಓದಿದರು.
ಕಂಡಿಕೆ ಏಳು: ಮನಿ ಬೇಕಾದವರು
ತೆರವಾದ ಕೊಳಗೇರಿಯೊಳಗ ತಾವು ಇದ್ದದ್ದಕ್ಕ
ದಾಖಲಿ ಕೊಡಬೇಕು. ಕರೆಂಟ ಬಿಲ್ಲು ನಡೀತೈತಿ.
ಕರ ತುಂಬಿದ ಪಾವತಿ ನಡೀತೈತಿ.
(ಮೇಜು ಕುಟ್ಟಿದ ಸಪ್ಪಳ. ಇದನ್ನ ಬರೀಬೇಕು. ಬರದೆ.)

ಅಕಿ ಇನ್ನೂ ಕೂತಿದ್ದಿಲ್ಲ.
"ಸಾಹೇಬ್ರ, ಆ ಗುಡಸಲಕ್ಕ ಕರೆಂಟ ನೀವು ಕೊಟ್ಟಿದ್ದಿಲ್ಲ,
ಬಿಲ್ಲು ಎಲ್ಲಿಂದ ತರೂಣು?
ಪತ್ರಾ, ತಟ್ಟು, ಒಲಿ, ಟ್ರಂಕು, ಎಲ್ಲಾ ಜೆಸಿಬಿ ಬಾಯಾಗ ಹೋತು.
ಕೆಡವಿದ ಮನಿ ಇತ್ತು ಅನ್ನೂದು
ಕೆಡವಿದವರಿಗೆ ಗೊತ್ತಿರಬೇಕಲ್ಲ?
ಇಲ್ಲದ್ದನ್ನ ಹ್ಯಾಂಗ ಕೆಡವಿದ್ರಿ?"

ಗದ್ದಲ.
ಗದ್ದಲಕ್ಕ ನನ್ನ ಶೀಘ್ರಲಿಪ್ಯಾಗ ಒಂದು ಸಣ್ಣ ಸುರುಳಿ ಐತಿ.
'ಪರಿಶೀಲನೆಯಲ್ಲಿದೆ' ಅನ್ನೂದಕ್ಕ ಬರೇ ಒಂದು ಕೊಂಡಿ.
ಹಳೇ ನೋಟಬುಕ್ಕು ತಗದು ನೋಡ್ರಿ,
ಹಾಳಿ ತುಂಬ ಕೊಂಡಿಗೆ ಕೊಂಡಿ,
ಮೀನಿಲ್ಲದ ಗಾಳ.

ಆದರ ಪೆನ್ನು ಒಂದು ಗಳಿಗಿ ನಿಂತಿತು.
ಒಂದು ಯಾದಿ ಐತಿ. ಟೈಪ ಮಾಡಿದಾಂವ ನಾನ.
ಕೆಡವೂ ಹಿಂದಿನ ವಾರ, ರಾತ್ರಿ ಒಂಬತ್ತರ ತನಕ,
ಹೆಸರು, ಗಂಡನ ಹೆಸರು, ತಲಿ ಎಷ್ಟು, ಆಡು ಎಷ್ಟು.
'ನೋಟೀಸು ಮುಟ್ಟಿದೆ' ಅನ್ನೂದರ ಎದುರಿಗೆ ಹೆಬ್ಬಟ್ಟು.
ದಾಖಲಿ ಖೋಲಿ, ಮೂರನೇ ಕಪಾಟು, ತಳದ ಖಣ.
ಇಲಿ ತಿಂದಿಲ್ಲ.
ಹ್ವಾದ ದೀಪಾವಳಿಗೆ ಧೂಳಾ ಜಾಡಿಸಿದಾಂವನೂ ನಾನ.

ಮಹಾಪೌರರು ಗಂಟಿ ಬಾರಿಸಿದರು. ಮುಂದಿನ ವಿಷಯ:
ಬೀದಿನಾಯಿ.

ಸಂಜಿಮುಂದ ಚಿಗರಿ ಬಸ್ಸು, ಕಾಲಿಡಾಕ ಜಾಗಾ ಇಲ್ಲ.
ಅಕಿ ಕೂತಿದ್ಲು, ತೊಡಿ ಮ್ಯಾಲ ಫೈಲಿನ ಚೀಲ,
ಚೀಲದ ಬಾಯಾಗ ಒಂದು ಮೆಂತೆಪಲ್ಲೆ ಸಿವುಡು.
"ನನ್ನ ಮಾತು ಬರಕೊಂಡೇನಪಾ?"
ಬರಕೊಂಡೆ ಅಂದೆ.
"ಎಷ್ಟಾತು?"
ಒಂದೂವರಿ ಸಾಲು.
"ಅವರದು?"
ಎರಡು ಪುಟ.
ನಕ್ಕಳು. ಮುಂದಿನ ಹಲ್ಲಿನ ಸಂದು ಕಂಡಿತು.
"ಪಾರಿವಾಳ?"
ನಾ ಕಿಡಕಿ ನೋಡಿದೆ. ನವಲೂರು ದಾಟತಿತ್ತು,
ಪೇರಲ ಗಿಡದಾಗ ಆಗಲೇ ಕತ್ತಲಿ.

ಟಿಕೀಟಿನ ಹಿಂದ ಒಂದು ನಂಬರ ಗೀಚಿದೆ:
ಆರು ಅಂಕಿ, ಒಂದು ಓರೆಗೆರಿ, ಇಸವಿ.

ಉಣಕಲ್ಲಿಗೆ ಅಕಿ ಎದ್ದಳು.
"ಮುಂದಿನ ತಿಂಗಳ ಮತ್ತ ಕೇಳ್ತೀನಿ. ಹಾಳಿ ಜಾಸ್ತಿ ಇಟಗೋ."

ಟಿಕೀಟು ನನ್ನ ಅಂಗಿ ಕಿಸೆದಾಗ ಉಳೀತು.
ಇಳಿಯೂ ಮಂದಿ ನೂಕಿದರು, ಬಾಗಲ ಮುಚ್ಚಿತು,
ಕೈ ಚಾಚಾಕ ಆಗಲಿಲ್ಲ
ಅಂತ ಹೇಳಬಹುದು.

ನಡಾವಳ್ಯಾಗಾದರ ಹಂಗ ಬರೀತಿದ್ದೆ.