ಮುನ್ನೂರು ಗ್ರಾಂ

ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನಲ್ಲಿ
ಹದಿಮೂರು ವರ್ಷ ಕರಿಬೀಜ ಆರಿಸಿದವಳು ನಾನು.
ಬೆರಳಿಗೆ ಗೊತ್ತು:
ಇದು ಹುಳ ಕೊರೆದದ್ದು, ಇದು ಕಣದಲ್ಲಿ ನೆನೆದದ್ದು,
ಇದು ನೋಡಲು ಚೆಂದ, ಕುದಿಸಿದರೆ ಗೋಣಿಯ ನಾತ.

ಕಳೆದ ಫೆಬ್ರವರಿಯಲ್ಲಿ ಯಂತ್ರ ಬಂತು.
ಧೋ ಎಂದು ಸುರಿಯುವ ಬೀಜಗಳ ನಡುವೆ
ಕೆಟ್ಟದ್ದೊಂದನ್ನೇ ಕಂಡುಹಿಡಿದು
ಉಫ್ ಎಂದು ಗಾಳಿಯೂದಿ ಪಕ್ಕಕ್ಕೆ ಹಾರಿಸುತ್ತದೆ.
ಮೈಮೂನಾ ಅದಕ್ಕೆ ಊದುಗೊಳವೆ ಅಂತ ಹೆಸರಿಟ್ಟಳು.
ನಲವತ್ತು ಹೆಂಗಸರ ಸಾಲಿನಲ್ಲಿ
ಮಾರ್ಚಿಗೆ ಒಂಬತ್ತು ಜನ ಉಳಿದೆವು.

ರಿಪೇರಿಗೆ ಬಂದ ಕೊಯಮತ್ತೂರಿನ ಹುಡುಗಿ
ಲ್ಯಾಪ್‌ಟಾಪ್ ಬಿಚ್ಚಿ ನನ್ನನ್ನೇ ಕರೆದಳು:
‘ಅಕ್ಕಾ, ಎಷ್ಟು ಕಪ್ಪಾದರೆ ಕೆಟ್ಟದ್ದು?’
ತೋರಿಸಿದೆ.
ಒಂದು ಅಂಕಿ ಬದಲಿಸಿದಳು.
ಅಷ್ಟು ದೊಡ್ಡ ಯಂತ್ರ
ನನ್ನ ಮಾತು ಕೇಳಿತು.

ಅವತ್ತಿನಿಂದ ಶುರು ಈ ಹುಚ್ಚು.

ಫೋನಿನ ತುಂಬ ಕೋರ್ಸುಗಳು.
ಹನ್ನೆರಡು ವಾರಕ್ಕೆ ಕೋಡಿಂಗ್, ಕೆಲಸ ಗ್ಯಾರಂಟಿ.
‘ಮೇಡಂ, ಇವತ್ತು ರಾತ್ರಿ ಹನ್ನೆರಡಕ್ಕೆ ಆಫರ್ ಮುಗಿಯುತ್ತೆ.’
ಮರುದಿನವೂ ಅದೇ ದನಿ, ಅದೇ ರಾತ್ರಿ ಹನ್ನೆರಡು.
ಇನ್ನೊಂದು ಕಡೆ: ‘ಈಗೇನೂ ಕೊಡಬೇಡಿ,
ಕೆಲಸ ಸಿಕ್ಕ ಮೇಲೆ ಮೂರು ವರ್ಷ ಸಂಬಳದಲ್ಲಿ ಪಾಲು.’
ಹೂ ಬಿಡುವ ಮೊದಲೇ ಫಸಲಿಗೆ ಬೆಲೆ ಕಟ್ಟಿ
ಮುಂಗಡ ತುರುಕಿ ಹೋಗುವವರನ್ನು
ಈ ಊರು ನೋಡದೇ ಇದೆಯೇ?

ಗೋಣಿಯ ಮೇಲೆ ಬರೆದದ್ದನ್ನು ನಮ್ಮಲ್ಲಿ ಯಾರೂ ನಂಬುವುದಿಲ್ಲ.
ಕೊಳವೆ ಚುಚ್ಚಿ, ಮೇಲಿನದಲ್ಲ, ನಡುವಿನದನ್ನು ತೆಗೆದು
ಮುನ್ನೂರು ಗ್ರಾಂ ತೂಗಿ
ದೋಷ ಎಣಿಸುತ್ತೇವೆ.
ಹಾಗೇ ಮಾಡಿದೆ.
ಜಾಹೀರಾತಿನಲ್ಲಿ ಹಲ್ಲು ಬಿಟ್ಟವರನ್ನು ಬಿಟ್ಟು
ನಡುವಿನವರ ನಂಬರು ಹುಡುಕಿದೆ.
ಊಟದ ಹೊತ್ತಿನಲ್ಲಿ, ಕಣದ ಬಿಸಿಲಲ್ಲಿ ನಿಂತು, ಹದಿನೆಂಟು ಫೋನು.
ಸೋಮವಾರಪೇಟೆಯ ಒಬ್ಬ: ‘ಕಲಿತೆ ಅಕ್ಕ,
ಕೆಲಸಕ್ಕೆ ಮಾತ್ರ ಹನ್ನೊಂದು ತಿಂಗಳು ಕಾದೆ.’
ಒಬ್ಬಳು ನಾಲ್ಕನೇ ವಾರ ಬಿಟ್ಟಳು, ದುಡ್ಡು ವಾಪಸಿಲ್ಲ.
ಒಬ್ಬ ಬೈದು ಫೋನಿಟ್ಟ.
ಇನ್ನೊಬ್ಬಳು ಕೇಳಿದಳು: ‘ದಿನಕ್ಕೆ ಹದಿನಾಲ್ಕು ಗಂಟೆ ಕೂರಬೇಕು,
ಮನೆಯಲ್ಲಿ ಸಣ್ಣ ಮಕ್ಕಳಿದ್ದಾರಾ?’
‘ಇಲ್ಲ, ಅತ್ತೆ ಇದ್ದಾರೆ.’
ತುಂಬ ಹೊತ್ತು ನಕ್ಕಳು, ಬಹಳ ದಿನದ ಮೇಲೆ ಎಂಬಂತೆ.

ಮೂರನೆಯದು ಮೈಸೂರಿನಲ್ಲಿ, ಟೈರು ಅಂಗಡಿಯ ಮಾಳಿಗೆ.
ಕಲಿಸುವವಳು ಸುಗಂಧಿನಿ ಅಂತ, ಸ್ವಲ್ಪ ಒರಟು ಹೆಂಗಸು.
‘ಕಳೆದ ಸಲ ಮೂವತ್ತಮೂರು ಜನ,
ಹದಿನಾಲ್ಕು ಮಂದಿಗೆ ಕೆಲಸವಾಯಿತು,
ಉಳಿದವರಲ್ಲಿ ಕೆಲವರು ಈಗ ನನ್ನ ಫೋನೆತ್ತುವುದಿಲ್ಲ.
ದುಡ್ಡು ಈಗ ಬೇಡ. ಮೂರು ವಾರ ಮನೆಯಲ್ಲೇ ಇದನ್ನು ಮಾಡು.
ಆಮೇಲೂ ಇದರ ಮೇಲೆ ಸಿಟ್ಟು ಉಳಿದಿದ್ದರೆ ಬಾ.’

ದೋಷವನ್ನು ತಾನೇ ಎಣಿಸಿ ಕೊಟ್ಟ ಲಾಟು
ನಾನು ನೋಡಿದ್ದು ಅದೊಂದೇ.

ಮೂರು ವಾರ. ಕರೆಂಟು ಹೋದಾಗ ತಾರಸಿ,
ನೆಟ್‌ವರ್ಕ್ ಹೋದಾಗ ಸೇತುವೆಯ ಕಡೆಯ ತಿರುವು.
ಬೀಜ ಕಪ್ಪಾಗಿದ್ದರೆ ತಳ್ಳು, ಎಂದು ಬರೆದೆ.
ಎಲ್ಲವನ್ನೂ ತಳ್ಳಿತು!
ಒಳ್ಳೇ ಪಿಬಿ, ಒಳ್ಳೇ ಎಬಿ, ಒಂದೂ ಬಿಡದೆ.
ಎರಡು ರಾತ್ರಿ ತಡಕಾಡಿದ ಮೇಲೆ ಸಿಕ್ಕಿತು:
ಒಂದೇ ಸಮಚಿಹ್ನೆ ಇಟ್ಟರೆ ಅದು ಅಪ್ಪಣೆ,
ಈ ಬೀಜ ಕಪ್ಪಾಗಲಿ ಎಂದು.
ಎರಡಿಟ್ಟರೆ ಮಾತ್ರ ಪ್ರಶ್ನೆ:
ನೀನು ಕಪ್ಪೇ?

ರಾತ್ರಿ ಒಂದೂವರೆಗೆ ನಕ್ಕದ್ದಕ್ಕೆ
ಅತ್ತೆ ಎದ್ದು ಬಂದು ಹಣೆ ಮುಟ್ಟಿ ನೋಡಿದರು.
ಎಷ್ಟು ಜನ ನನಗೆ
ಒಂದೇ ಗೆರೆಯ ಚಿಹ್ನೆ ಇಟ್ಟು ಹೋದರು ಅಂತ
ಅವರಿಗೆ ಹೇಗೆ ವಿವರಿಸಲಿ?

ಚೀಟಿಯಲ್ಲಿ ಈ ತಿಂಗಳ ಸರದಿ ಮೈಮೂನಾಳದು,
ನನಗೆ ಬಿಟ್ಟುಕೊಟ್ಟಳು.
ಸೋಮವಾರ ಆರೂಕಾಲಿನ ಬಸ್ಸಿಗೆ ಬಂದು
ಕಿಟಕಿಯ ಸರಳು ಹಿಡಿದು ಕೇಳಿದಳು:
‘ಅಲ್ಲ ಪೂವಕ್ಕ, ಆಗದೇ ಹೋದರೆ?’

‘ಒಡೆದ ಬೀಜಕ್ಕೂ ರೇಟಿದೆ ಕಣೇ,
ನಾವೇ ಅಲ್ಲವಾ ಮೂಟೆ ಕಟ್ಟಿದ್ದು’ ಅಂದೆ.
ಅವಳು ನಗಲಿಲ್ಲ. ಸರಳೂ ಬಿಡಲಿಲ್ಲ,
ಬಸ್ಸು ಹೊರಡುವ ತನಕ.