ಎಂಟು ಮೊನೆ

ಕಂಡಕ್ಟರ್ ಲೈಸೆನ್ಸಿಗೆ ಮೊದಲು ಒಂದು ಕಾಗದ ಬೇಕು,
ಹರಿಯುವ ರಕ್ತ ನಿಲ್ಲಿಸಲು ಬರುತ್ತದೆ ಎಂಬ ಕಾಗದ.
ಅದಕ್ಕೇ ಹಂಪನಕಟ್ಟೆಯ ಒಂದು ಮಾಳಿಗೆಯಲ್ಲಿ
ನಾವು ಹನ್ನೊಂದು ಜನ, ಎಂಬತ್ತೇಳನೇ ಇಸವಿ,
ಕೈಯಲ್ಲಿ ಒಂದೊಂದು ಮುಕ್ಕೋನ ಬಟ್ಟೆ.

ಕಲಿಸುವವರು ಅಪೊಲಿನ್ ಬಾಯಿ,
ವೆನ್‌ಲಾಕಿನಲ್ಲಿ ಮೂವತ್ತೆರಡು ವರ್ಷ ನರ್ಸು.
ಮೊಣಕಾಲು ನೋವು. ಆದರೂ ಮೆಟ್ಟಿಲು ಹತ್ತಿ ಬರುವುದು
ನಮ್ಮಂಥ ಕೋಣಗಳಿಗೆ ಗಂಟು ಹಾಕಲು ಕಲಿಸಲಿಕ್ಕೆ.
"ಎಡದ್ದು ಬಲದ ಮೇಲೆ, ಮತ್ತೆ ಬಲದ್ದು ಎಡದ ಮೇಲೆ.
ತಪ್ಪಿದರೆ ಜಾರುತ್ತದೆ ಮಾರಾಯ."

ಗೋಡೆಯಲ್ಲಿ ಕಪ್ಪು ಹಲಗೆ, ಅದರಲ್ಲೊಂದು ಬಿಳಿ ಶಿಲುಬೆ:
ನಾಲ್ಕು ಬಂಗುಡೆಗಳನ್ನು ತಲೆಗೆ ತಲೆ ತಾಗಿಸಿ ಇಟ್ಟ ಹಾಗೆ,
ಬಾಲ ಹೊರಗೆ, ಸೀಳಿದ ಬಾಲಕ್ಕೆ ಎರಡೆರಡು ಮೊನೆ.
"ಇದು ನಿಮ್ಮ ಇಗರ್ಜಿಯದ್ದಾ ಬಾಯಿ?"
ಉಳ್ಳಾಲದ ಮೋನಬ್ಬ ಕೇಳಿದ್ದು.
"ಅಲ್ಲ, ಆಸ್ಪತ್ರೆಯದ್ದು. ಆಮೇಲೆ ಕತ್ತಿಯದ್ದು.
ಈಗ ಪುನಃ ಆಸ್ಪತ್ರೆಯದ್ದು."
ಸೀಮೆಸುಣ್ಣ ಕೆಳಗಿಟ್ಟು ಕೂತರು.
ಆ ದಿನ ಗಂಟಿನ ಪಾಠ ಅಲ್ಲಿಗೇ ನಿಂತಿತು.

ಜೆರುಸಲೇಮಿನಲ್ಲಿ ಒಂದು ಛತ್ರ ಇತ್ತಂತೆ.
ನಡೆದು ಪಾದ ಒಡೆದವರಿಗೆ ಗಂಜಿ, ಚಾಪೆ, ಬಿಸಿನೀರು.
ಮಲಗಿದ ರೋಗಿಯನ್ನು "ಒಡೆಯರೇ" ಎನ್ನುತ್ತಿದ್ದರಂತೆ,
ಅವರಿಗೆ ಉಣಿಸಿಯೇ ತಾವು ಉಣ್ಣುವುದು.
ದಾರಿಯಲ್ಲಿ ಕಳ್ಳರು, ಕಾವಲು ಬೇಕಾಯಿತು,
ಕಾವಲಿಗೆ ಕುದುರೆ, ಕುದುರೆಗೆ ಕೋಟೆ,
ಕೋಟೆ ಕಟ್ಟಿದ ಮೇಲೆ ಶತ್ರು ಬೇಡವಾ?
ಗಂಜಿ ನಿಲ್ಲಲಿಲ್ಲ, ಸುಳ್ಳು ಹೇಳಬಾರದು.
ಬಡಿಸುವ ಕೈ ಬಡಿಸುತ್ತಲೇ ಇತ್ತು,
ಇನ್ನೊಂದು ಕೈ ಏನು ಮಾಡುತ್ತಿತ್ತು ಎಂದು ಕೇಳಬೇಡಿ.

ಅದೇ ಊರಲ್ಲಿ ಇನ್ನೊಂದು ಪಂಗಡ,
ಬಿಳಿ ನಿಲುವಂಗಿ, ಕೆಂಪು ಶಿಲುಬೆ.
ಅವರ ಮುದ್ರೆಯಲ್ಲಿ ಒಂದೇ ಕುದುರೆಗೆ ಇಬ್ಬರು.
("ನಮ್ಮಲ್ಲಿ ಲೂನಾಕ್ಕೆ ಮೂವರು" ಎಂದ ಹಿಂದಿನಿಂದ ಐತಪ್ಪ.)
ಬಡವರೆಂದು ಹೊರಟವರು ಬ್ಯಾಂಕಿನವರಾದರು:
ಆ ಊರಲ್ಲಿ ಕಟ್ಟಿದ ಹಣ ಈ ಊರಲ್ಲಿ ಚೀಟಿ ತೋರಿಸಿದರೆ ಕೈಗೆ.
ಸಾಲ ತೆಗೆದ ರಾಜನಿಗೆ ತೀರಿಸುವ ಮನಸ್ಸಿರಲಿಲ್ಲ.
ಒಂದು ಶುಕ್ರವಾರ ಬೆಳಗಾಗುವಾಗ ಬಾಗಿಲು ತಟ್ಟಿಸಿದ,
ಆಮೇಲೆ ಸೌದೆ ಒಟ್ಟಿಸಿದ.

ಪೋರ್ಚುಗಲ್ಲಿನಲ್ಲಿ ಉಳಿದವರು ಹೆಸರು ಬದಲಿಸಿ ಬದುಕಿದರು.
ಅವರ ಕೆಂಪು ಶಿಲುಬೆಯೇ ಹಾಯಿ ಹತ್ತಿ,
ಹೊಟ್ಟೆತುಂಬ ಗಾಳಿ ಕುಡಿದು ನಮ್ಮ ಕರಾವಳಿಗೆ ಬಂತು.
"ನನ್ನ ಅಜ್ಜನ ಅಜ್ಜನ ಅಜ್ಜನಿಗೆ ಎಂತ ಹೆಸರಿತ್ತೋ,
ಆ ಹಾಯಿ ಬಂದ ಮೇಲೆ ನಾವು ರೇಗೊ ಆದೆವು."
ನಮಗೆ ಹೇಳಿದ ಹಾಗಿರಲಿಲ್ಲ ಅದು,
ಎದುರಿನ ಹೆಂಚಿನ ಮೇಲೆ ಕೂತ ಕಾಗೆಗೆ ಹೇಳಿದ ಹಾಗಿತ್ತು.

"ಆ ಕತ್ತಿಯವರು ಕೊಂದದ್ದು ನಮ್ಮವರನ್ನಲ್ವಾ?"
ಮೋನಬ್ಬ.
"ಹೌದು."
ಸ್ವಲ್ಪ ಹೊತ್ತು ಫ್ಯಾನು ಮಾತ್ರ ತಿರುಗಿತು.
"ಇಲ್ಲಿ ಬಾ, ನನ್ನ ಕೈ ಮುರಿದಿದೆ ಎಂದು ತಿಳಿದುಕೋ."
ಅವನು ಆ ಮೊಣಕೈ ಮಡಿಸಿ, ಎದೆಗೆ ಆನಿಸಿ,
ಬಿಳಿಕೂದಲು ಸಿಕ್ಕದ ಹಾಗೆ ಕುತ್ತಿಗೆಯ ಹಿಂದೆ
ಎಡದ್ದು ಬಲದ ಮೇಲೆ, ಬಲದ್ದು ಎಡದ ಮೇಲೆ.
"ಇನ್ನೂ ಬಿಗಿ" ಎಂದರು ಬಾಯಿ.

ಎಲ್ಲರಿಗೂ ಕಾಗದ ಸಿಕ್ಕಿತು.
ಸ್ಟೇಟ್ ಬ್ಯಾಂಕಿನಿಂದ ತಲಪಾಡಿಗೆ ಎಷ್ಟು ಸಲ
"ರೈಟ್, ಪೋಯಿ" ಎಂದೆನೋ ಲೆಕ್ಕವಿಲ್ಲ.
ಒಮ್ಮೆ ನೇತ್ರಾವತಿ ಸಂಕದ ಮೇಲೆ, ಲಾರಿಯಡಿಯಿಂದ
ಒಬ್ಬ ಹುಡುಗನನ್ನು ಎಳೆದು ತೆಗೆದೆವು.
ಹಿಂದಿನ ಬಸ್ಸಿನಿಂದ ಓಡಿಬಂದವನು ಮೋನಬ್ಬ.
ಟಿಕೆಟ್ ಚೀಲ ನನ್ನ ಕೊರಳಿಗೆ ಹಾಕಿ,
ಮುಂಡಾಸು ಬಿಚ್ಚಿ ತೊಡೆಗೆ ಕಟ್ಟಿದ.
ಗಂಟು ಸರಿಯಾಗಿಯೇ ಇತ್ತು.
ಹುಡುಗ ಉಳಿಯಲಿಲ್ಲ.

ಮೊನ್ನೆ ಪಂಪ್‌ವೆಲ್ಲಿನಲ್ಲಿ ಜಾಮ್.
ಹಿಂದೆ ಒಂದು ಹಳೇ ವ್ಯಾನು ಕೂಗುತ್ತಿತ್ತು.
ಫುಟ್‌ಬೋರ್ಡಿನಿಂದ ಬಗ್ಗಿ ನೋಡಿದೆ: ಅದೇ ಬಂಗುಡೆಗಳು,
ಬಣ್ಣ ಎದ್ದುಹೋಗಿ ಏಳೇ ಮೊನೆ.
ಒಳಗೆ ಯಾರೋ, ಯಾವ ಊರಿನವರೋ.
ತಗಡಿಗೆ ಎರಡು ಬಡಿದೆ,
ಡ್ರೈವರ್ ಎಡಕ್ಕೆ ಒತ್ತಿದ.