ಹನ್ನೊಂದರ ಗಾಳಿ

ಬಂದರಿನಿಂದ ದೋಣಿ ಹತ್ತಿ
ತೋಟ ಬೆಂಗ್ರೆಗೆ ಹೋದ ಮೊದಲ ದಿನ
ನನ್ನ ಚೀಲದಲ್ಲಿ ಲ್ಯಾಪ್‌ಟಾಪು, ಉಷ್ಣಮಾಪಕ,
ಬಿಸಿಲಿನ ಕೋನ ಲೆಕ್ಕ ಹಾಕಿದ ಹದಿನಾಲ್ಕು ಹಾಳೆ.
ಒಂದು ಕಡೆ ನದಿ, ಒಂದು ಕಡೆ ಕಡಲು,
ನಡುವೆ ಚಾಪೆಯಷ್ಟು ಅಗಲದ ಊರು.
ಅದರಲ್ಲಿ ಶಾಲೆಗೆಂದು
ಮೂವತ್ತು ಸೆಂಟ್ಸು ಹೊಯಿಗೆ.

ಕಮಿಟಿಯ ಮೊಯ್ದಿನಬ್ಬರಿಗೆ ಗಾಜಿನ ಮುಖ ಬೇಕು,
ಪೇಟೆಯ ಆಸ್ಪತ್ರೆಗಿರುವಂಥದು.
"ಒಳಗೆ ಎಸಿ ಇಟ್ಟರಾಯಿತಲ್ಲ ಮೇಡಂ,
ಎಂತ ಸೆಕೆ!"
ಬಿಸಿಲಿಗಿಟ್ಟ ಗಾಜಿನ ಪೆಟ್ಟಿಗೆಯಲ್ಲಿ
ಬಂಗುಡೆ ತಾನಾಗಿ ಬೇಯುತ್ತದೆ ಎಂದೆ.
ನಕ್ಕರು. ಒಪ್ಪಲಿಲ್ಲ.

ಒಪ್ಪಿಸಿದ್ದು ಬಿಸಿಯೂಟದ ವಾರಿಜಕ್ಕ,
ಅದೂ ನನಗೆ ಪಾಠ ಹೇಳುವ ನೆಪದಲ್ಲಿ.
ಅಂಗಳದ ಒಲೆಯ ಹೊಗೆ ತೋರಿಸಿ,
"ಬೆಳಿಗ್ಗೆ ಇದು ಕಡಲಿಗೆ ಹೋಗ್ತದೆ, ನೋಡಿ.
ಅನ್ನ ಬಸಿಯುವ ಹೊತ್ತಿಗೆ ತಿರುಗಿ
ನನ್ನ ಕಣ್ಣಿಗೇ ಬರ್ತದೆ.
ಹನ್ನೊಂದಕ್ಕೆ. ಗಡಿಯಾರ ಬೇಡ."

ಮೂಡಗಾಳಿ ಮಗ್ಗುಲು ಮಗುಚಿ
ಪಡುಗಾಳಿಯಾಗುವ ಆ ಗಳಿಗೆ
ನನ್ನ ಹಾಳೆಗಳಲ್ಲಿ
ಸರಾಸರಿ ಎಂಬ ಅಂಕಿಯೊಳಗೆ ಹೂತುಹೋಗಿತ್ತು.

ರಾತ್ರಿ ಹಳೆಯ ನಕ್ಷೆ ಹರಿದೆ.
ಹೊಸದರ ಮೊದಲ ಗೆರೆ ಹೊಗೆ ಎಳೆದದ್ದು.
ಪಡುವಣ ಕಿಟಕಿ ತಗ್ಗಿನಲ್ಲಿ, ಡೆಸ್ಕಿನ ಎತ್ತರಕ್ಕೆ;
ಮೂಡಣದ್ದು ಮೇಲೆ, ಸೆಕೆ ಹೊರಟುಹೋಗಲು.
ಮುರಕಲ್ಲಿಗೆ ಗಾರೆ ಬೇಡ, ಉಸಿರಾಡಿಕೊಳ್ಳಲಿ.
ಮುಚ್ಚಿದ ಕಾರ್ಖಾನೆಯ ಹೆಂಚು, ಎಂಟು ದೋಣಿ ಲೋಡು:
ಇಡಿಯವು ತರಗತಿಯ ಮಾಡಿಗೆ,
ಅಂಚು ಮುಕ್ಕಾದವನ್ನು ಆಫೀಸಿನ ತಾರಸಿಯ ಹೊಟ್ಟೆಯೊಳಗೆ
ಜೋಡಿ ಜೋಡಿ ಮಲಗಿಸಿದೆವು
ನಡುವೆ ಒಂದು ಬೊಗಸೆ ಗಾಳಿ ಬಿಟ್ಟು.

ಈಗ ಮೂರನೇ ಕ್ಲಾಸಿನ ಸಫ್ವಾನಾ
ಏಳರ ಮಗ್ಗಿ ಮರೆತಾಗ ಮೇಲೆ ನೋಡಿ
ಹೆಂಚಿನ ಬೆನ್ನಿನ ಹೆಸರು ಅಕ್ಷರ ಕೂಡಿಸಿ ಓದುತ್ತಾಳೆ.
ಅವಳ ಅಜ್ಜಿ ಹೊತ್ತದ್ದಂತೆ ಆ ಹೆಸರನ್ನು,
ತಲೆಯ ಮೇಲೆ, ಸಲಕ್ಕೆ ಹತ್ತರಂತೆ.

ತಪ್ಪೂ ಮಾಡಿದೆ, ಬರೆದಿಡಬೇಕು.
ಜೂನಿನ ಓರೆಮಳೆ ಜಾಲಿ ದಾಟಿ
ಮೂರು ಬೆಂಚು ತೋಯಿಸಿತು, ಒಂದು ಹಾಜರಿ ಪುಸ್ತಕ.
ಸೂರು ಇನ್ನೆರಡು ಅಡಿ ಚಾಚಬೇಕಿತ್ತು.
ದೋಣಿಯ ಹಳೇ ಟಾರ್ಪಾಲು ತಂದು ಕಟ್ಟಿದವರು
ಮೊಯ್ದಿನಬ್ಬರೇ,
"ಗಾಜು ಹಾಕಿದ್ದರೆ" ಎಂದು ಶುರುಮಾಡಿ
ಅರ್ಧಕ್ಕೆ ನಿಲ್ಲಿಸಿ.

ಮಾರ್ಚಿನ ಕರೆಂಟು ಬಿಲ್ಲು ಬಂದಾಗ
ಜವಾನ ಲೋಕು ಪುತ್ರನ್ ಅದನ್ನು
ಹಿಂದೆ ಮುಂದೆ ತಿರುಗಿಸಿ ನೋಡಿ
ಮೀಟರು ಸತ್ತಿದೆಯೆಂದು ಮೆಸ್ಕಾಂಗೆ ದೂರು ಕೊಟ್ಟ.
ಲೈನ್‌ಮ್ಯಾನ್ ಮಧ್ಯಾಹ್ನದ ದೋಣಿಗೆ ಬಂದ.
ಮುಚ್ಚಳ ಬಿಚ್ಚಿದ, ನೋಡಿದ, ಮುಚ್ಚಿದ.
"ಜೀವ ಉಂಟು" ಎಂದ.
ಆಮೇಲೆ ಅಂಗಿಯ ಮೇಲಿನೆರಡು ಗುಂಡಿ ಬಿಚ್ಚಿ
ಪಡುವಣ ಜಗಲಿಯಲ್ಲಿ ಕೂತ.
ಮುಂದಿನ ದೋಣಿ ಹೋಯಿತು.
ಅದರ ಮುಂದಿನದೂ.